ವಾಟ್ಸ್‌ಆ್ಯಪ್ ಸಂದೇಶ, ಫೇಸ್‌ಬುಕ್ ಪೋಸ್ಟ್, ಆನ್‌ಲೈನ್ ಗುಂಪು ಚರ್ಚೆ: ಇವುಗಳನ್ನು ಗುಣಾತ್ಮಕ ಸಂಶೋಧನೆಗೆ ಬಳಸಬಹುದೇ?

ಆಶಾ ಕಾರ್ಯಕರ್ತೆಯರ ಕೆಲಸದ ಒತ್ತಡವನ್ನು ಕುರಿತು ಪಿಎಚ್‌ಡಿ ಮಾಡುತ್ತಿರುವ ನೀವು, ತಾಲ್ಲೂಕಿನಿಂದ ತಾಲ್ಲೂಕಿಗೆ ಓಡಾಡುವ ಬದಲು ಅವರ ವಾಟ್ಸ್‌ಆ್ಯಪ್ ಗುಂಪುಗಳ ಸಂದೇಶಗಳನ್ನೂ ಫೇಸ್‌ಬುಕ್ ಪೋಸ್ಟ್‌ಗಳನ್ನೂ ದತ್ತಾಂಶವಾಗಿ ಬಳಸಬಹುದೇ, ಗುಂಪು ಚರ್ಚೆಗಳನ್ನು ಆನ್‌ಲೈನ್‌ನಲ್ಲೇ ನಡೆಸಬಹುದೇ ಎಂದು ಕೇಳಿದ್ದೀರಿ. ಮುಖಾಮುಖಿಯಾಗಿ ಕೂರದೆ ಪಡೆದ ಮಾತನ್ನು ನಂಬುವುದು ಹೇಗೆ ಎಂದು ನಿಮ್ಮ ಮಾರ್ಗದರ್ಶಕರು ಆಕ್ಷೇಪಿಸಿರುವುದಾಗಿಯೂ ಬರೆದಿದ್ದೀರಿ. ಗುಣಾತ್ಮಕ ಸಂಶೋಧನೆಯಲ್ಲಿ, ಅಂದರೆ ಅಂಕಿಗಳಿಗಿಂತ ಜನರ ಮಾತು, ಅನುಭವಗಳನ್ನು ಆಧರಿಸಿದ ಸಂಶೋಧನೆಯಲ್ಲಿ, ಬಳಸಬಹುದು, ನಡೆಸಲೂಬಹುದು. ಆರೋಗ್ಯ ಕ್ಷೇತ್ರದಲ್ಲಿ ಮುಖಾಮುಖಿ, ಆನ್‌ಲೈನ್ ಎರಡೂ ಬಗೆಯ ಗುಂಪು ಚರ್ಚೆಗಳನ್ನು ಹಲವು ವರ್ಷಗಳಿಂದ ನಡೆಸುತ್ತ ಬಂದಿರುವ ನನ್ನ ಅಭಿಪ್ರಾಯದಲ್ಲಿ, ಮುಖ ಕಾಣುತ್ತದೆಯೇ ಎಂಬುದಕ್ಕಿಂತ ಹೆಚ್ಚು ಮುಖ್ಯವಾದ ಪ್ರಶ್ನೆಯೊಂದಿದೆ: ಆಶಾ ಕಾರ್ಯಕರ್ತೆ ಮಾತನಾಡುವಾಗ ಅವಳ ಮಾತು ಯಾರ ಯಾರ ಕಿವಿಗೆ ಬೀಳುತ್ತದೆ? ನಿಮ್ಮ ದತ್ತಾಂಶದ ಬೆಲೆಯನ್ನು ನಿರ್ಧರಿಸುವುದು ಇದೇ ಪ್ರಶ್ನೆ.

ಗುಂಪು ಚರ್ಚೆಯ ವಿಧಾನ ಹುಟ್ಟಿದ್ದೂ ಮಾಧ್ಯಮದ ಸುತ್ತಲೇ ಎಂಬುದನ್ನು ಮಾರ್ಗದರ್ಶಕರ ಗಮನಕ್ಕೆ ತರಬಹುದು. 1941ರಲ್ಲಿ ನ್ಯೂಯಾರ್ಕ್‌ನಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಾಝರ್ಸ್‌ಫೆಲ್ಡ್ ಅವರು ರೇಡಿಯೊ ಕೇಳುಗರನ್ನು ಕೂರಿಸಿ, ಇಷ್ಟವಾದಾಗ ಒಂದು ಗುಂಡಿ, ಬೇಸರವಾದಾಗ ಇನ್ನೊಂದು ಗುಂಡಿ ಒತ್ತಿಸುತ್ತಿದ್ದರು. ಅದನ್ನು ನೋಡಲು ಹೋದ ಇನ್ನೊಬ್ಬ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್, ಆಮೇಲೆ ಕೇಳುಗರನ್ನು ಪ್ರಶ್ನಿಸುತ್ತಿದ್ದ ರೀತಿ ಸಾಲದು ಎಂದು ಕಂಡು ಅದನ್ನು ತಿದ್ದುವ ಕೆಲಸಕ್ಕಿಳಿದರು. 1946ರಲ್ಲಿ ಪೆಟ್ರೀಷಿಯಾ ಕೆಂಡಲ್ ಅವರೊಡನೆ ಈ ಬಗೆಯ ಸಂದರ್ಶನದ ಕುರಿತ ಲೇಖನವನ್ನೂ ಪ್ರಕಟಿಸಿದರು. ಆ ಪದ್ಧತಿ ಬೆಳೆದು ಇಂದಿನ ಗುಂಪು ಚರ್ಚೆಯಾದಾಗ, ಒಬ್ಬರ ಮಾತಿಗೆ ಇನ್ನೊಬ್ಬರು ಏನು ಹೇಳುತ್ತಾರೆ, ಯಾವ ಮಾತು ಬಂದಾಗ ಎಲ್ಲರೂ ತಲೆದೂಗುತ್ತಾರೆ, ಎಲ್ಲಿ ತಕರಾರು ಏಳುತ್ತದೆ ಎಂಬುದೇ ಅದರ ಜೀವಾಳವಾಯಿತು. ಆ ಒಡನಾಟ ನಡೆಯುವಂತಿದ್ದರೆ ಅದು ಅಂಗನವಾಡಿಯ ಚಾಪೆಯ ಮೇಲಾದರೂ ಆಗಬಹುದು, ಫೋನಿನ ತೆರೆಯ ಮೇಲಾದರೂ ಆಗಬಹುದು.

ಇನ್ನು ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳು ಬೆರೆತುಹೋಗಿವೆ. ಜನ ಈಗಾಗಲೇ ತಮ್ಮತಮ್ಮಲ್ಲಿ ಆಡಿರುವ ಮಾತನ್ನು ಓದುವುದು ಒಂದು. ಸಂಶೋಧನೆಗೆಂದೇ ಒಂದು ಗುಂಪನ್ನು ಕೂಡಿಸಿ ಮಾತನಾಡಿಸುವುದು ಇನ್ನೊಂದು. ಇವೆರಡರ ನೀತಿ ನಿಯಮಗಳೂ ಬೇರೆ, ಇವುಗಳಿಂದ ಸಿಗುವುದೂ ಬೇರೆ.

ಮೊದಲನೆಯದರಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಅಧಿಕೃತ ವಾಟ್ಸ್‌ಆ್ಯಪ್ ಗುಂಪನ್ನೇ ತೆಗೆದುಕೊಳ್ಳಿ. ಅದರಲ್ಲಿ ವೈದ್ಯಾಧಿಕಾರಿಗಳಿರುತ್ತಾರೆ, ಮೇಲ್ವಿಚಾರಕರಿರುತ್ತಾರೆ, ಕಾರ್ಯಕರ್ತೆಯರ ಕೆಲಸ ನೋಡಿಕೊಳ್ಳುವ ಆಶಾ ಫೆಸಿಲಿಟೇಟರ್ ಇರುತ್ತಾರೆ. ಬೆಳಿಗ್ಗೆ "ಇಂದು ಸಂಜೆಯೊಳಗೆ ಗರ್ಭಿಣಿಯರ ಪಟ್ಟಿ ಕಳುಹಿಸತಕ್ಕದ್ದು" ಎಂಬ ಸಂದೇಶ ಬರುತ್ತದೆ; ಅದರ ಕೆಳಗೆ ಸಾಲಾಗಿ "ಓಕೆ ಸರ್", "ಆಯ್ತು ಮೇಡಂ", ಕೈಮುಗಿದ ಚಿತ್ರಗಳು. ಇದನ್ನು ಓದಿ ಕಾರ್ಯಕರ್ತೆಯರಿಗೆ ಯಾವ ತಕರಾರೂ ಇಲ್ಲ ಎಂದು ಬರೆದರೆ ಅದು ಪೂರ್ತಿ ತಪ್ಪು ತೀರ್ಮಾನ. ಮೇಲಧಿಕಾರಿಯ ಕಣ್ಣೆದುರು ಆಡಿದ ಮಾತು ಅದು. ಆದರೂ ಅದು ನಿರುಪಯುಕ್ತವಲ್ಲ: ದಿನದ ಯಾವ ಹೊತ್ತಿನಲ್ಲಿ ಆದೇಶ ಬರುತ್ತದೆ, ಭಾನುವಾರ ಎಷ್ಟು ಬರುತ್ತವೆ, ತಡವಾದವರ ಹೆಸರನ್ನು ಎಲ್ಲರೆದುರು ಹಾಕುತ್ತಾರೆಯೇ ಎಂಬುದೆಲ್ಲ ಕೆಲಸದ ಒತ್ತಡಕ್ಕೆ ನೇರ ಸಾಕ್ಷಿ. ಅದೇ ಕಾರ್ಯಕರ್ತೆಯರು ಅಧಿಕಾರಿಗಳಿಲ್ಲದ ತಮ್ಮದೇ ಗುಂಪೊಂದನ್ನು ಮಾಡಿಕೊಂಡಿರುವುದೂ ಉಂಟು. ಪ್ರೋತ್ಸಾಹಧನ ಬಾಕಿಯಾದದ್ದು, ಮಾಡಿದ ಕೆಲಸ ಇಲಾಖೆಯ ಪೋರ್ಟಲ್‌ನಲ್ಲಿ ನಮೂದಾಗದೆ ಹಣ ಕೈತಪ್ಪಿದ್ದು, ಮನೆಯವರ ಗೊಣಗಾಟ ಎಲ್ಲವೂ ಅಲ್ಲಿ ಬರುತ್ತವೆ.

ಈ ಎರಡನೇ ಗುಂಪಿಗೆ ಪರಿಚಿತರೊಬ್ಬರ ಮೂಲಕ ಸದ್ದಿಲ್ಲದೆ ಸೇರಿಕೊಂಡು ಓದುವ ಆಸೆ ನಿಮಗೆ ಬರಬಹುದು. ದಯವಿಟ್ಟು ಅದನ್ನು ಮಾಡಬೇಡಿ. ಆಶಾ ಕಾರ್ಯಕರ್ತೆಯರು ಸರ್ಕಾರಿ ನೌಕರರಲ್ಲ. 2005ರಲ್ಲಿ ಯೋಜನೆ ಆರಂಭವಾದಾಗಿನಿಂದ ಅವರು ಪ್ರೋತ್ಸಾಹಧನದ ಮೇಲೆ ದುಡಿಯುವ 'ಸ್ವಯಂಸೇವಕಿ'ಯರು. ನೌಕರರಿಗಿರುವ ರಕ್ಷಣೆ ಅವರಿಗಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅವರು ಚಳಿಯಲ್ಲಿ ಹಗಲಿರುಳು ಕೂತು ಧರಣಿ ಮಾಡಿದ್ದು ನಿಮಗೂ ನೆನಪಿರಬಹುದು. ಅಂಥ ಹೋರಾಟದ ಸಿದ್ಧತೆಯ ಮಾತು ಸಂಶೋಧಕರ ಫೋನಿನಿಂದ ಹೊರಬಿದ್ದರೆ ಅದರ ಪೆಟ್ಟು ಬೀಳುವುದು ಅವರ ಮೇಲೆ. ಸಂದೇಶಗಳು ಗೂಢಲಿಪಿಯಲ್ಲಿ ಸಾಗುತ್ತವೆ ಎಂಬ ಭರವಸೆ ಹೊರಗಿನವರು ಕದ್ದು ನೋಡುವುದನ್ನು ತಡೆಯುತ್ತದೆ, ಒಳಗಿರುವ ಸದಸ್ಯರೊಬ್ಬರು ತೆಗೆಯುವ ಸ್ಕ್ರೀನ್‌ಶಾಟನ್ನು ತಡೆಯುವುದಿಲ್ಲ. ಗುಂಪಿನ ಎಲ್ಲರಿಗೂ ನೀವು ಯಾರು, ಏಕೆ ಬಂದಿದ್ದೀರಿ ಎಂದು ತಿಳಿಸಿ, ಒಬ್ಬರು ಬೇಡವೆಂದರೂ ಆ ಗುಂಪನ್ನು ಬಿಟ್ಟುಬಿಡುವುದೇ ಸರಿ ಎಂಬುದು ನನ್ನ ದೃಢವಾದ ನಿಲುವು.

ಫೇಸ್‌ಬುಕ್‌ನ ಸಾರ್ವಜನಿಕ ಪೋಸ್ಟ್‌, ಯೂಟ್ಯೂಬ್ ವರದಿಗಳ ಕೆಳಗಿನ ಕಾಮೆಂಟ್‌ಗಳ ವಿಚಾರ ಸ್ವಲ್ಪ ಬೇರೆ. ವ್ಯಕ್ತಿ ತಾನೇ ಸಾರ್ವಜನಿಕಗೊಳಿಸಿದ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಕಾನೂನು ಬಿಟ್ಟ ಮಾತ್ರಕ್ಕೆ ಸಂಶೋಧಕರ ಹೊಣೆ ಮುಗಿಯುವುದಿಲ್ಲ. ಪೋಸ್ಟಿನ ಸಾಲನ್ನು ನೀವು ಪ್ರಬಂಧದಲ್ಲಿ ಹಾಗೆಯೇ ಉಲ್ಲೇಖಿಸಿದರೆ, ಹೆಸರು ಮರೆಸಿದ್ದರೂ, ಆ ಸಾಲನ್ನು ಹುಡುಕುಪೆಟ್ಟಿಗೆಯಲ್ಲಿ ಹಾಕಿದ ಯಾರಿಗೇ ಆದರೂ ಬರೆದವರು ಸಿಗಬಹುದು. 2008ರಲ್ಲಿ ಅಮೆರಿಕದ ಕಾಲೇಜೊಂದರ ವಿದ್ಯಾರ್ಥಿಗಳ ಫೇಸ್‌ಬುಕ್ ಮಾಹಿತಿಯನ್ನು ಹೆಸರು ತೆಗೆದು ಸಂಶೋಧಕರು ಬಿಡುಗಡೆ ಮಾಡಿದಾಗ, ಜೊತೆಗಿದ್ದ ವಿವರಗಳನ್ನು ಜೋಡಿಸಿಯೇ ಅದು ಹಾರ್ವರ್ಡ್ ಎಂದು ಹೊರಗಿನವರು ಗುರುತಿಸಿಬಿಟ್ಟರು. ನಮ್ಮಲ್ಲಿ ಊರಿನ ಹೆಸರು, ಮಾತಿನ ಧಾಟಿ, ಒಂದು ಹೆರಿಗೆಯ ಪ್ರಸಂಗ ಇಷ್ಟು ಸಾಕು, ಯಾರು ಹೇಳಿದ್ದೆಂದು ತಾಲ್ಲೂಕು ಕಚೇರಿಯಲ್ಲಿ ಗೊತ್ತಾಗಲು. ಆದ್ದರಿಂದ ಸಾರ್ವಜನಿಕ ಪೋಸ್ಟನ್ನು ನಿಮ್ಮ ಮಾತಿನಲ್ಲಿ ತಿರುಗಿಸಿ ಬರೆಯಿರಿ. ಹಾಗೆಯೇ ಉಲ್ಲೇಖಿಸಲೇಬೇಕಾದರೆ ಬರೆದವರನ್ನು ಕೇಳಿ. ದೊಡ್ಡ ಪ್ರಮಾಣದಲ್ಲಿ ಪೋಸ್ಟ್‌ಗಳನ್ನು ಸೋಸಿ ತೆಗೆಯುವ ದಾರಿಗಳು ಈಚೆಗೆ ಮುಚ್ಚಿಕೊಂಡಿವೆ: ಟ್ವಿಟರ್ (ಈಗಿನ ಎಕ್ಸ್) ಪೋಸ್ಟ್‌ಗಳ ದತ್ತಾಂಶಕ್ಕೆ ಸಂಶೋಧಕರಿಗಿದ್ದ ಉಚಿತ ಪ್ರವೇಶವನ್ನು 2023ರಲ್ಲಿ ನಿಲ್ಲಿಸಿತು, ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿ ಪೋಸ್ಟ್‌ಗಳನ್ನು ಹುಡುಕಲು ನೆರವಾಗುತ್ತಿದ್ದ ಕ್ರೌಡ್‌ಟ್ಯಾಂಗಲ್ ಎಂಬ ಸಾಧನವನ್ನು 2024ರ ಆಗಸ್ಟ್‌ನಲ್ಲಿ ಮುಚ್ಚಿತು. ನಿಮ್ಮ ಅಧ್ಯಯನಕ್ಕೆ ಇದರಿಂದ ದೊಡ್ಡ ನಷ್ಟವೇನಿಲ್ಲ. ಒಂದು ಧರಣಿಯ ಕುರಿತ ಒಂದೆರಡು ವಿಡಿಯೊಗಳ ಕಾಮೆಂಟ್‌ಗಳನ್ನು ಕೈಯಿಂದಲೇ ದಾಖಲಿಸಿಕೊಂಡು ನಿಧಾನವಾಗಿ ಓದುವುದು ಗುಣಾತ್ಮಕ ಕೆಲಸಕ್ಕೆ ಹೆಚ್ಚು ಒಪ್ಪುತ್ತದೆ.

ಈಗ ನೀವೇ ಕೂಡಿಸುವ ಚರ್ಚೆ. ಇದಕ್ಕೆ ಎರಡು ರೂಪಗಳಿವೆ: ಎಲ್ಲರೂ ಒಂದೇ ಹೊತ್ತಿಗೆ ಸೇರುವ ವಿಡಿಯೊ ಚರ್ಚೆ, ಒಂದು ವಾರ ತೆರೆದಿಟ್ಟು, ದಿನಕ್ಕೊಂದು ಪ್ರಶ್ನೆ ಹಾಕಿ, ಬಿಡುವಾದಾಗ ಉತ್ತರಿಸುವ ವಾಟ್ಸ್‌ಆ್ಯಪ್ ಚರ್ಚೆ. ಆಶಾ ಕಾರ್ಯಕರ್ತೆಯರ ವಿಷಯದಲ್ಲಿ ನಾನು ಎರಡನೆಯದನ್ನೇ ಆರಿಸುತ್ತೇನೆ. ಬೆಳಿಗ್ಗೆ ಹಾಕಿದ ಪ್ರಶ್ನೆಗೆ ಮಧ್ಯಾಹ್ನದವರೆಗೆ ಉತ್ತರವೇ ಇರುವುದಿಲ್ಲ. ರಾತ್ರಿ ಊಟ, ಪಾತ್ರೆ ಮುಗಿದ ಮೇಲೆ ಒಂದೊಂದಾಗಿ ಧ್ವನಿ ಸಂದೇಶಗಳು ಬರತೊಡಗುತ್ತವೆ. ಹಿನ್ನೆಲೆಯಲ್ಲಿ ಟಿವಿಯ ಸದ್ದು, ಮಗು ಹಟ ಮಾಡುವುದು. ಒಬ್ಬಾಕೆ ರಾತ್ರಿ ಹೆರಿಗೆಗೆಂದು ಗರ್ಭಿಣಿಯ ಜೊತೆ ಆಸ್ಪತ್ರೆಗೆ ಹೋಗಿ, ಬೆಳಗಿನ ಬಸ್ಸಿನವರೆಗೆ ಅಲ್ಲೇ ಬೆಂಚಿನ ಮೇಲೆ ಕಾದದ್ದನ್ನು ಹೇಳುತ್ತಾಳೆ. ಅದನ್ನು ಕೇಳಿದ ಇನ್ನೊಬ್ಬಳು, "ನಿಮಗೆ ಬೆಂಚಾದರೂ ಸಿಕ್ಕಿತಲ್ಲಕ್ಕ" ಎಂದು ಶುರುಮಾಡುತ್ತಾಳೆ. ಟೈಪ್ ಮಾಡಲು ಹಿಂಜರಿಯುವವರೂ ಧ್ವನಿ ಸಂದೇಶದಲ್ಲಿ ಸಲೀಸಾಗಿ ಮಾತನಾಡುತ್ತಾರೆ. ಹೇಳಿದ್ದನ್ನು ಮರುದಿನ ಯೋಚಿಸಿ ತಿದ್ದುವುದೂ ಉಂಟು, ಆ ತಿದ್ದುಪಡಿಯೂ ದತ್ತಾಂಶವೇ.

ವಿಡಿಯೊ ಚರ್ಚೆಯಲ್ಲಿ ಮುಖ ಕಾಣುತ್ತದೆ ನಿಜ, ಆದರೆ ಕೋಣೆಯಲ್ಲಿ ಬೇರೆ ಯಾರಿದ್ದಾರೆಂಬುದು ಕಾಣುವುದಿಲ್ಲ. ಮನೆಯಲ್ಲಿ ಸಿಗುವ ನೆರವಿನ ಬಗ್ಗೆ ಮಾತು ಬಂದಾಗ, ಅಷ್ಟುಹೊತ್ತು ಚೆನ್ನಾಗಿ ಮಾತನಾಡುತ್ತಿದ್ದ ಮಹಿಳೆಯೊಬ್ಬರು ಥಟ್ಟನೆ "ಎಲ್ಲ ಚೆನ್ನಾಗಿದೆ ಮೇಡಂ" ಎಂದು ಮೈಕ್ ಮುಚ್ಚಿದರು; ನಿಮಿಷದ ನಂತರ ನನಗೊಬ್ಬಳಿಗೇ "ಅತ್ತೆ ಪಕ್ಕದಲ್ಲೇ ಕೂತಿದ್ದಾರೆ" ಎಂಬ ಸಾಲು ಬಂತು. ಹಾಗಾಗಿ ಮೊದಲೇ ಇಯರ್‌ಫೋನ್ ಇದೆಯೇ, ಒಂಟಿಯಾಗಿ ಕೂರುವ ಜಾಗವಿದೆಯೇ ಎಂದು ಪ್ರತಿಯೊಬ್ಬರನ್ನೂ ಬೇರೆಯಾಗಿ ಕೇಳಿ. ಎದುರುಬದುರು ಚರ್ಚೆಗೆ ಎಂಟು ಜನ ಸರಿಯಾದರೆ, ವಿಡಿಯೊದಲ್ಲಿ ಐದಾರು ಜನ ಸಾಕು. ಝೂಮ್‌ನ ಉಚಿತ ಸೌಲಭ್ಯ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಮಾತು ಕಾವೇರುವುದೇ ಆ ಹೊತ್ತಿಗೆ. ವಿಭಾಗದಿಂದ ಪೂರ್ಣ ಸೌಲಭ್ಯ ಕೇಳಿ ಪಡೆಯಿರಿ. ಝೂಮ್‌ನಲ್ಲಿ ಮಲ್ಲಿಗೆ, ಸೇವಂತಿಗೆ ಎಂದು ಬೇರೆ ಹೆಸರಿಟ್ಟುಕೊಂಡು ಒಳಬರಲು ಅವಕಾಶವಿರುವುದು ದೊಡ್ಡ ಅನುಕೂಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ನಂಬರನ್ನು ಮರೆಮಾಡುವ ಸಿಗ್ನಲ್, ಟೆಲಿಗ್ರಾಂನಂಥ ಆ್ಯಪ್‌ಗಳಿವೆ, ಆದರೆ ಈಗಾಗಲೇ ಇಲಾಖೆಯ ಆ್ಯಪ್‌ಗಳಿಂದ ಬೇಸತ್ತವರ ಫೋನಿಗೆ ಮತ್ತೊಂದನ್ನು ತುರುಕುವುದು ನನಗೆ ಒಪ್ಪಿಗೆಯಿಲ್ಲ. ಬದಲಿಗೆ ನಂಬರ್ ಕಾಣುತ್ತದೆಂದು ಒಪ್ಪಿಗೆ ಪಡೆಯುವಾಗಲೇ ಸ್ಪಷ್ಟವಾಗಿ ಹೇಳಿ, ಒಂದೇ ಆರೋಗ್ಯ ಕೇಂದ್ರದವರನ್ನು ಒಂದೇ ಗುಂಪಿಗೆ ಹಾಕದಿರಿ. ಫೆಸಿಲಿಟೇಟರ್‌ಗಳ ಚರ್ಚೆಯನ್ನು ಪ್ರತ್ಯೇಕವಾಗಿ ಮಾಡಿ. ಚರ್ಚೆಗೆ ಬರುವ ಎಲ್ಲರ ಡೇಟಾ ಖರ್ಚನ್ನು ನೀವೇ ಭರಿಸಬೇಕು.

ಒಪ್ಪಿಗೆಪತ್ರದ ಪಿಡಿಎಫ್ ಕಳುಹಿಸಿ "ಒಪ್ಪಿದೆ" ಎಂದು ಉತ್ತರ ಪಡೆದರೆ ಸಾಲದು, ಏಕೆಂದರೆ ಇಲಾಖೆಯಿಂದ ಬರುವ ಪ್ರತಿಯೊಂದಕ್ಕೂ ಅವರು ಹಾಗೆಯೇ ಉತ್ತರಿಸುತ್ತ ಬಂದಿದ್ದಾರೆ. ಫೋನ್ ಮಾಡಿ, ಓದಿ ಹೇಳಿ, ಅವರ ಪ್ರಶ್ನೆಗಳಿಗೆ ಉತ್ತರಿಸಿ, ಧ್ವನಿಯಲ್ಲೇ ಒಪ್ಪಿಗೆ ದಾಖಲಿಸಿಕೊಳ್ಳಿ. ನಡುವೆ ಬಿಟ್ಟುಹೋದರೆ ಅದುವರೆಗಿನ ಮಾತನ್ನು ಅಳಿಸುತ್ತೀರೋ ಇಲ್ಲವೋ ಎಂಬುದನ್ನೂ ಆಗಲೇ ಹೇಳಬೇಕು. ಇದೆಲ್ಲವನ್ನೂ ನೈತಿಕ ಸಮಿತಿಯ ಅರ್ಜಿಯಲ್ಲಿ ಬರೆಯಿರಿ. ಆರೋಗ್ಯ ಸಂಶೋಧನೆಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರತಂದ ಮಾರ್ಗಸೂಚಿಯನ್ನು ಸಮಿತಿಯವರು ಮುಂದಿಟ್ಟುಕೊಂಡೇ ಕೇಳುತ್ತಾರೆ.

ವಿಶ್ಲೇಷಣೆಯ ಬಗ್ಗೆ ಒಂದು ಎಚ್ಚರಿಕೆ ಮಾತ್ರ. ಧ್ವನಿ ಸಂದೇಶಗಳನ್ನು ಅಕ್ಷರಕ್ಕಿಳಿಸುವ ಆನ್‌ಲೈನ್ ಸೇವೆಗಳು ಬೀದರ್, ಕಲಬುರಗಿ ಕಡೆಯ ಮಾತನ್ನು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನಂಬಿ ಕಳುಹಿಸಿದ ಧ್ವನಿಯನ್ನು ಗುರುತಿಲ್ಲದ ಕಂಪನಿಯ ಸರ್ವರ್‌ಗೆ ಹಾಕುವುದು ಒಪ್ಪಿಗೆಯ ಉಲ್ಲಂಘನೆ. ನೀವೇ ಕೇಳಿ ಬರೆಯಿರಿ. ಯಾರ ಮಾತಿನ ನಂತರ ಯಾರು, ಎಷ್ಟು ಹೊತ್ತಿಗೆ ಉತ್ತರಿಸಿದರು ಎಂಬುದನ್ನು ಕಳೆದುಕೊಳ್ಳಬೇಡಿ. ಎಲ್ಲರೂ ಓದಿದ ಗುರುತಿದ್ದೂ ಯಾರೂ ಉತ್ತರಿಸದ ಪ್ರಶ್ನೆಯನ್ನು ಟಿಪ್ಪಣಿ ಮಾಡಿಕೊಂಡು, ಆಮೇಲೆ ಒಬ್ಬೊಬ್ಬರೊಡನೆ ಮಾತನಾಡುವಾಗ ಮತ್ತೆ ಎತ್ತಿ.

ಮಾರ್ಗದರ್ಶಕರ ಆಕ್ಷೇಪದಲ್ಲಿ ಒಂದು ಭಾಗವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆನ್‌ಲೈನ್‌ನಲ್ಲಿ ಸಿಗದವರು ಅಧ್ಯಯನದಿಂದಲೇ ಕಾಣೆಯಾಗುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಪುರುಷರು ಶೇ. 57, ಮಹಿಳೆಯರು ಶೇ. 33 ಮಾತ್ರ. ಆಶಾ ಕಾರ್ಯಕರ್ತೆಯರ ಬಳಿ ಕೆಲಸದ ಕಾರಣಕ್ಕೆ ಫೋನ್ ಇದ್ದರೂ, ಮಗನೊಡನೆ ಹಂಚಿಕೊಂಡ ಫೋನ್, ಸಿಗ್ನಲ್ ಸಿಗದ ಮಲೆನಾಡಿನ ಮನೆ, ಒಡೆದ ತೆರೆ ಇವೆಲ್ಲ ಇದ್ದೇ ಇವೆ. ಹೆಚ್ಚು ಒತ್ತಡದಲ್ಲಿರುವವರೇ ಉತ್ತರಿಸಲು ಬಿಡುವಿಲ್ಲದವರು ಎಂಬುದನ್ನು ಮರೆಯಬಾರದು. ಅದಕ್ಕೇ ನನ್ನ ಸಲಹೆ: ಮೊದಲು ಒಂದೆರಡು ತಾಲ್ಲೂಕುಗಳಿಗೆ ಹೋಗಿ ಎದುರು ಕೂತು ಮಾತನಾಡಿ, ಪರಿಚಯ ಬೆಳೆದ ಮೇಲೆ ವಾಟ್ಸ್‌ಆ್ಯಪ್ ಚರ್ಚೆ ತೆರೆಯಿರಿ, ಅದರಲ್ಲಿ ಸುಮ್ಮನಿದ್ದವರನ್ನೂ ಸೇರಲಾಗದವರನ್ನೂ ಹುಡುಕಿಕೊಂಡು ಕೊನೆಯಲ್ಲಿ ಮತ್ತೊಮ್ಮೆ ಹೋಗಿ. ಓಡಾಟ ಅರ್ಧಕ್ಕಿಳಿಯುತ್ತದೆ, ಪೂರ್ತಿ ತಪ್ಪುವುದಿಲ್ಲ. ಪ್ರಬಂಧದ ವಿಧಾನದ ಅಧ್ಯಾಯದಲ್ಲಿ ಪ್ರತಿ ಚರ್ಚೆಯನ್ನೂ ಯಾರು ಯಾರು ಕೇಳಿಸಿಕೊಳ್ಳುತ್ತಿದ್ದರು ಎಂಬ ವಿವರದೊಡನೆ ಬರೆದರೆ, ನಿಮ್ಮ ಮಾರ್ಗದರ್ಶಕರು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿಯೇ ಇರುತ್ತದೆ.