"ಅದು ಬಿಡಿ" ಅಂದ್ಯಲ್ಲ ತಂಗಿ, ಅದನ್ನ ಮಾತ್ರ ಬಿಡಬೇಡ

ಈ ವಾರ ಬಂದಿದ್ರಲ್ಲಿ ಒಂದು ಪತ್ರ ಓದಿ ಎದ್ದು ಹೋಗಿ ಕಾಫಿ ಮಾಡ್ಕೊಂಡು ಬಂದು ಮತ್ತೆ ಓದಿದೆ, ರಾತ್ರಿ ಮಲಗೋ ಮುಂಚೆ ಇನ್ನೊಂದು ಸಲ. ಗಂಡ ಹೆಂಡತಿ ಜಗಳದ ಪತ್ರ ಬರೆದವರು ದಯವಿಟ್ಟು ಒಂದು ವಾರ ಕಾಯಿರಿ, ಈ ಹುಡುಗಿಗೆ ತಾರೀಖು ಹತ್ತಿರ ಬಂದಿದೆ.

ವಿಷಯ ಇಷ್ಟು. ಹುಡುಗಿಗೆ 26, ಊರು ತೀರ್ಥಹಳ್ಳಿ ಕಡೆ. ಐದು ವರ್ಷದ ಆರ್ಕಿಟೆಕ್ಚರ್ ಡಿಗ್ರಿ, ಬಿ.ಆರ್ಕ್, ಮುಗಿಸಿ ಮೂರು ವರ್ಷದಿಂದ ಬೆಂಗಳೂರಿನ ಒಂದು ಆಫೀಸಲ್ಲಿ ಕೆಲಸ, ಸಂಬಳ 34 ಸಾವಿರ, ದಿನಾ ಮಾಡೋದು ಅಪಾರ್ಟ್‌ಮೆಂಟ್‌ಗಳ ಟಾಯ್ಲೆಟ್ ಡೀಟೇಲು, ಮೆಟ್ಟಿಲು ಡೀಟೇಲು. ಮಾಸ್ಟರ್ಸ್ ಮಾಡ್ಬೇಕು ಅಂತ ಹೊರಟಿದ್ದಾಳೆ. ನ್ಯೂಯಾರ್ಕಿನ ಒಂದು ದೊಡ್ಡ ಯೂನಿವರ್ಸಿಟಿಯಿಂದ ಒಂದು ವರ್ಷದ ಡಿಸೈನ್ ಕೋರ್ಸಿಗೆ ಅಡ್ಮಿಟ್ ಬಂದಿದೆ, ಏಪ್ರಿಲ್ 15ರೊಳಗೆ ಡೆಪಾಸಿಟ್ ಕಟ್ಟಬೇಕು. ಇನ್ನೊಂದು ಕಡೆ ಇಲ್ಲಿನ ಮಾಸ್ಟರ್ಸ್ ಸೀಟಿಗೆ ಬರೆಯೋ ಗೇಟ್ ಪರೀಕ್ಷೆ ಬರೆದು ಒಳ್ಳೆ ಸ್ಕೋರ್ ತಗೊಂಡಿದ್ದಾಳೆ, ದೆಹಲಿಯ ಎಸ್‌ಪಿಎನಲ್ಲಿ, ಅಂದ್ರೆ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ, ಹಳೇ ಕಟ್ಟಡ ಉಳಿಸೋದನ್ನ ಕಲಿಸೋ ಕನ್ಸರ್ವೇಶನ್ ಕೋರ್ಸಿನ ಸೀಟು ಸಿಗೋ ಹಾಗಿದೆ. ಅಪ್ಪ "ನಿನ್ನಿಷ್ಟ ಮಗಳೇ" ಅಂತಾರೆ. ನ್ಯೂಜೆರ್ಸಿಯಲ್ಲಿರೋ ಸೋದರಮಾವ ಮಾತ್ರ ದಿನಾ ಫೋನ್ ಮಾಡಿ "ದೊಡ್ಡ ಆರ್ಕಿಟೆಕ್ಟ್ ಆದೋರೆಲ್ಲ ಅಮೆರಿಕಾದಲ್ಲಿ ಓದಿದೋರೇ, ಚಾರ್ಲ್ಸ್ ಕೊರಿಯಾನ ನೋಡು, ಶಿವಮೊಗ್ಗದಲ್ಲಿ ನಿಮ್ಮಮ್ಮನ ಸೈಟ್ ಇದ್ಯಲ್ಲ, ಬ್ಯಾಂಕಿಗೆ ಇಟ್ಟು ಹೋಗು" ಅಂತಾರೆ. ಸ್ಕಾಲರ್‌ಶಿಪ್ ಕಳೆದು 60 ಲಕ್ಷ ಸಾಲ ಆಗುತ್ತೆ. ಜೊತೆಗೆ ಓದಿದ ಇಬ್ಬರು ಆಗಲೇ ಅಲ್ಲಿದ್ದಾರೆ, ಅವರ ಫೋಟೋ ನೋಡಿದಾಗೆಲ್ಲ ಅಳು ಬರುತ್ತೆ ಅಂತ ಬರೆದಿದ್ದಾಳೆ.

ತಂಗಿ, ನಿನ್ನನ್ನ ನೀನು ಅಂತಾನೇ ಕರೀತೀನಿ, ಬೇಜಾರು ಮಾಡ್ಕೋಬೇಡ. ಫೋಟೋ ನೋಡಿ ಅಳೋದಕ್ಕೆ ನಾನು ಸಮಾಧಾನ ಹೇಳಲ್ಲ, ಫೋನ್ ಪಕ್ಕಕ್ಕಿಡು ಅಷ್ಟೇ. ನನಗೆ ಹೊಟ್ಟೆ ಉರಿದಿದ್ದು ನಿನ್ನ ಪತ್ರದ ಕೊನೇ ಸಾಲಿಗೆ, ಹೆಸರು ಹಾಕೋಕೆ ಮುಂಚೆ ಇರೋ ಸಾಲು. "ಊರಿಗೆ ಹೋದ ಭಾನುವಾರ ಅಜ್ಜಿ ಮನೆ ಅಳತೆ ತಗೊಂಡು ಡ್ರಾಯಿಂಗ್ ಮಾಡ್ತಾ ಇರ್ತೀನಿ ಅಕ್ಕಾ, ಹನ್ನೊಂದು ಶೀಟ್ ಆಗಿದೆ, ಸುಮ್ನೆ ಟೈಮ್‌ಪಾಸ್‌ಗೆ, ಅದು ಬಿಡಿ."

ನ್ಯೂಯಾರ್ಕಿಗೆ ಒಂದೂವರೆ ಪುಟ, ಮಾವನಿಗೆ ಅರ್ಧ ಪುಟ, ಹನ್ನೊಂದು ಶೀಟಿಗೆ ಒಂದು ಸಾಲು, ಅದರ ಕೊನೆಗೂ "ಅದು ಬಿಡಿ"!

ಒಂದು ಶೀಟಿನ ಫೋಟೋ ಕಳಿಸು ಅಂತ ಮೆಸೇಜ್ ಮಾಡಿದೆ, ನೀನು ಕಳಿಸಿದೆ. ಚೌಕಿ ಮನೆಯ ಅಡ್ಡ ಸೆಕ್ಷನ್ನು, ಅಂದ್ರೆ ಮನೇನ ಅಡ್ಡಕ್ಕೆ ಕುಯ್ದು ಒಳಗೆ ತೋರಿಸೋ ಡ್ರಾಯಿಂಗು. ಮಧ್ಯ ಅಂಗಳ, ಸುತ್ತ ಜಗಲಿ, ಮೇಲೆ ಅಟ್ಟ, ಹೆಂಚಿನ ಮಾಡು. ಎಡಗಡೆ ಎರಡು ಕಂಬಗಳ ನಡುವೆ ಏಳು ಅಡಿ ಎರಡು ಇಂಚು, ಬಲಗಡೆ ಅದೇ ಜಾಗದಲ್ಲಿ ಏಳು ಅಡಿ ಐದು ಇಂಚು. ಎರಡನ್ನೂ ಸಮ ಮಾಡಿ ಚಂದ ಕಾಣೋ ಹಾಗೆ ಬರೆದುಬಿಡಬಹುದಿತ್ತು, ನೀನು ಮಾಡಿಲ್ಲ. ಆ ಮೂರು ಇಂಚಿನ ಪಕ್ಕ ಪೆನ್ಸಿಲಲ್ಲಿ ಸಣ್ಣದಾಗಿ ಬರೆದಿದ್ದೀಯ: "ಅಜ್ಜಿ ಹೇಳಿದ್ದು, ಮಳೆಗೆ ಮಾಡು ಕುಸಿದಾಗ ಈ ಕಂಬ ಹೊಸದಾಗಿ ಹಾಕಿದ್ದು, ಬೋದಿಗೆ ಮಾತ್ರ ಹಳೇದು. ಬುಡಕ್ಕೆ ಗೆದ್ದಲು ಹಿಡಿದಿದೆ." ಬೋದಿಗೆಯ, ಅಂದ್ರೆ ಕಂಬದ ಮೇಲ್ತುದಿಯ, ಕೆತ್ತನೇನೂ ಪಕ್ಕದಲ್ಲಿ ದೊಡ್ಡದಾಗಿ ಬರೆದಿದ್ದೀಯ, ಒಂದು ಎಸಳು ಒಡೆದಿರೋದನ್ನೂ ಬಿಡದ ಹಾಗೆ.

ಕನ್ಸರ್ವೇಶನ್ ಅಂದ್ರೆ ಶುರು ಆಗೋದೇ ಅಲ್ಲಿಂದ ಕಣೇ. ಮುಟ್ಟೋ ಮುಂಚೆ ಅಳೆಯೋದು, ಹೇಗಿದೆಯೋ ಹಾಗೇ ಬರೆಯೋದು, ಯಾವುದು ಮೂಲದ್ದು ಯಾವುದು ಆಮೇಲೆ ಸೇರಿಸಿದ್ದು ಅಂತ ಬೇರೆ ಮಾಡೋದು, ಮನೇಲಿರೋರನ್ನ ಕೇಳೋದು. ಆಮೇಲೆ ರಿಪೇರಿ. ಮಣ್ಣಿನ ಗೋಡೆಗೋ ಗಾರೆ ಗೋಡೆಗೋ ಗಟ್ಟಿ ಆಗ್ಲಿ ಅಂತ ಸಿಮೆಂಟ್ ಮೆತ್ತಿಬಿಡ್ತಾರೆ, ಒಳಗಿನ ತೇವ ಹೊರಗೆ ಬರೋಕಾಗದೆ ಗೋಡೆ ಒಳಗೊಳಗೇ ಪುಡಿ ಆಗ್ತಾ ಹೋಗುತ್ತೆ, ನಾಲ್ಕು ಮಳೆಗಾಲ ಕಳೆದ ಮೇಲೆ "ಹಳೇ ಮನೆ, ಇನ್ನು ನಿಲ್ಲಲ್ಲ" ಅಂತ ಕೆಡವ್ತಾರೆ. ನಮ್ಮ ಕಡೆ ಹೀಗೆ ಹೋದ ಮನೆಗಳನ್ನ ಲೆಕ್ಕ ಇಟ್ಟೋರಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿ ಸೇರಿದಾಗ ಎಲ್ಲರೂ ಸ್ಟೇಟಸ್ ಹಾಕಿದ್ವಿ, ನಿನ್ನ ಅಜ್ಜಿ ಮನೆ ಥರದ್ದು ಯಾವ ಪಟ್ಟೀಲೂ ಇಲ್ಲ. ಮೈಸೂರಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ಜನ ಸತ್ತರು, 2016ರಲ್ಲಿ ದೇವರಾಜ ಮಾರ್ಕೆಟ್ಟಿನ ಒಂದು ಭಾಗ ಬಿತ್ತು, ಕೆಡವಿ ಕಟ್ಟೋದಾ ರಿಪೇರಿ ಮಾಡೋದಾ ಅಂತ ವರ್ಷಗಟ್ಟಲೆ ಜಗಳ ನಡೀತು. ಅಂಥ ಹೊತ್ತಲ್ಲಿ ಟೇಪ್ ಹಿಡ್ಕೊಂಡು ಒಳಗೆ ಹೋಗಿ ಯಾವ ಕಂಬ ನಿಲ್ಲುತ್ತೆ ಯಾವುದು ನಿಲ್ಲಲ್ಲ ಅಂತ ಹೇಳೋ ಜನ ಬೇಕು, ಆ ಜನ ನಮ್ಮಲ್ಲಿ ಕಮ್ಮಿ.

ಈಗ ನಿನ್ನ ಮಾವನ ವಿಷಯಕ್ಕೆ ಬರ್ತೀನಿ, ಅವರ ಮೇಲೆ ನನಗೆ ನಿಜವಾಗ್ಲೂ ಕೋಪ ಇದೆ. ಕೊರಿಯಾ ಮಿಷಿಗನ್‌ನಲ್ಲಿ, ಎಂಐಟಿಯಲ್ಲಿ ಓದಿದ್ದು ನಿಜ. ಆದ್ರೆ ಅದು 1949ರಿಂದ 55ರ ಕಾಲ, ಆಗ ನಮ್ಮಲ್ಲಿ ಸೇರೋಕೆ ಎಷ್ಟು ಸ್ಕೂಲಿತ್ತು? ಇನ್ನು ಬಿ.ವಿ. ದೋಶಿ ಹೆಸರನ್ನ ಮಾವ ಯಾಕೆ ಹೇಳಲಿಲ್ಲ? ಅವರು ಮುಂಬೈನ ಜೆ.ಜೆ. ಸ್ಕೂಲಿನ ಓದನ್ನೇ ಅರ್ಧಕ್ಕೆ ಬಿಟ್ಟು ಹೋದೋರು, ಪ್ಯಾರಿಸ್‌ನಲ್ಲಿ ಹೆಸರಾಂತ ಆರ್ಕಿಟೆಕ್ಟ್ ಲ ಕಾರ್ಬೂಸಿಯೆ ಆಫೀಸಲ್ಲಿ ಮೊದಲ ಕೆಲವು ತಿಂಗಳು ಸಂಬಳ ಇಲ್ಲದೆ ಕೂತು ಕಲಿತೋರು. 1962ರಲ್ಲಿ ಅಹಮದಾಬಾದಲ್ಲಿ ಈಗ ಸೆಪ್ಟ್ ಅಂತೀವಲ್ಲ ಆ ಸ್ಕೂಲ್ ಶುರು ಮಾಡಿದ್ರು, 2018ರಲ್ಲಿ ಆರ್ಕಿಟೆಕ್ಟುಗಳ ಅತಿ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂತು, ಭಾರತದಲ್ಲಿ ಅದು ಬಂದ ಮೊದಲನೆಯವರು. ಬನ್ನೇರುಘಟ್ಟ ರೋಡಿನ ಐಐಎಂ ಅವರದ್ದೇ ಡಿಸೈನು, ಆ ಕಲ್ಲಿನ ಕಾರಿಡಾರ್‌ಗಳಲ್ಲಿ ಮಧ್ಯಾಹ್ನ ಬಿಸಿಲು ಬೀಳೋದನ್ನ ನೋಡಿಲ್ಲ ಅಂದ್ರೆ ಅನುಮತಿ ತಗೊಂಡು ಒಂದು ದಿನ ಹೋಗಿ ನೋಡು.

ಮಾವನಿಗೆ ಗೊತ್ತಿಲ್ಲದ್ದು ಇನ್ನೂ ಇದೆ. ಅಮೆರಿಕಾದಲ್ಲಿ ಆರ್ಕಿಟೆಕ್ಚರ್ ಮಾಸ್ಟರ್ಸ್ ಅಂದ್ರೆ ಒಂದೇ ಅಲ್ಲ. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಲೈಸೆನ್ಸ್ ದಾರಿಗೆ ಎನ್‌ಎಎಬಿ ಅನ್ನೋ ಸಂಸ್ಥೆ ಮಾನ್ಯ ಮಾಡಿದ ಡಿಗ್ರಿ ಬೇಕು, ಬೇರೆ ವಿಷಯ ಓದಿ ಬಂದೋರಿಗೆ ಆ ಎಂ.ಆರ್ಕ್ ಮೂರು ವರ್ಷ, ಮೂರೂವರೆ ವರ್ಷ ಹಿಡಿಯುತ್ತೆ. ನಿನ್ನ ಥರ ಐದು ವರ್ಷ ಆಗಲೇ ಓದಿದೋರಿಗೆ ಕೊಡೋ ಈ ಒಂದು ವರ್ಷದ ಕೋರ್ಸ್ ಆ ಮಾನ್ಯತೆ ಒಳಗೆ ಬರಲ್ಲ. ಅಲ್ಲೇ ಲೈಸೆನ್ಸ್ ಬೇಕಂದ್ರೆ ನಿನ್ನ ಇಲ್ಲಿನ ಡಿಗ್ರೀನ ಬೇರೆಯಾಗಿ ಮೌಲ್ಯಮಾಪನ ಮಾಡಿಸಬೇಕು, 3,740 ಗಂಟೆ ಅನುಭವ ತೋರಿಸಬೇಕು, ಪರೀಕ್ಷೆಗಳು ಬೇರೆ. ಓದಾದ ಮೇಲೆ ಕೆಲಸಕ್ಕೆ ಒಂದು ವರ್ಷ ಸಿಗುತ್ತೆ, ಕೋರ್ಸು ಸ್ಟೆಮ್ ಅನ್ನೋ ವಿಜ್ಞಾನ, ತಂತ್ರಜ್ಞಾನ ವಿಷಯಗಳ ಪಟ್ಟೀಲಿದ್ರೆ ಇನ್ನೆರಡು ವರ್ಷ, ನಿನ್ನದು ಇದೆಯಾ ಅಂತ ನೀನು ಬರೆದೇ ಇಲ್ಲ, ಅಂದ್ರೆ ಕೇಳಿಯೂ ಇಲ್ಲ. ಇಲ್ಲಿ ಪ್ರಾಕ್ಟೀಸ್ ಮಾಡೋಕಂತೂ 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಬಿ.ಆರ್ಕ್ ಇದ್ದು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ರಿಜಿಸ್ಟ್ರೇಷನ್ ಆದ್ರೆ ಸಾಕು, ಮಾಸ್ಟರ್ಸ್ ಬೇಕೇ ಬೇಕು ಅಂತಿಲ್ಲ. ಹಾಗಾಗಿ ಎರಡನೇ ಡಿಗ್ರಿ ಮಾಡೋದು ಆಫೀಸಲ್ಲಿ ಕೂತು ಕಲಿಯೋಕಾಗದ ಒಂದನ್ನ ಕಲಿಯೋಕೆ ಮಾತ್ರ.

ಸಾಲದ ಲೆಕ್ಕಾನೂ ಯಾರೂ ಹಾಕಿಲ್ಲ, ನಾನು ಹಾಕಿದೆ. 60 ಲಕ್ಷಕ್ಕೆ ಹತ್ತೂವರೆ ಪರ್ಸೆಂಟ್ ಬಡ್ಡಿ ಅಂತ ಇಟ್ಕೊ. ಓದೋ ವರ್ಷ, ಅದಾದ ಮೇಲಿನ ಒಂದು ವರ್ಷ ಕಂತು ಇಲ್ಲ ಅಂತಾರೆ, ಬಡ್ಡಿ ಓಡ್ತಾನೇ ಇರುತ್ತೆ, ಅದೇ 12 ಲಕ್ಷ 60 ಸಾವಿರ ಸೇರ್ಕೊಳ್ಳುತ್ತೆ. ಆಮೇಲೆ ಹತ್ತು ವರ್ಷ ತಿಂಗಳಿಗೆ ಸುಮಾರು 98 ಸಾವಿರ. ಅಲ್ಲೇ ಕೆಲಸ ಸಿಕ್ಕಿದ್ರೆ ಸರಿ, ಸಿಗದೆ ವಾಪಸ್ ಬಂದ್ರೆ? ಆಗ ಹೋಗೋದು ಅಮ್ಮನ ಸೈಟು. ಈ ಅಂಕಣ ಓದೋರಿಗೆ ಗೊತ್ತು, ನಾನು ಒಂದು ಮಾತು ಬಿಡದೆ ಹೇಳ್ತೀನಿ: ಮನೇಲಿ ಅಮ್ಮನ ಹೆಸರಲ್ಲಿ ಇರೋ ಒಂದೇ ಒಂದು ಕಾಗದ ಬ್ಯಾಂಕಿಗೆ ಹೋಗಬಾರದು. ಎರಡು ಪುಟದ ಪತ್ರದಲ್ಲಿ ಅಪ್ಪ ಹೇಳಿದ್ದಿದೆ, ಮಾವ ಹೇಳಿದ್ದಿದೆ, ಅಮ್ಮ ಏನಂದ್ರು ಅಂತ ಒಂದಕ್ಷರ ಇಲ್ಲ. ನಿನ್ನಮ್ಮನ ಸೈಟ್ ತೋರಿಸಿಕೊಟ್ಟ ಮಾವ ತಮ್ಮ ಕಡೆಯಿಂದ ಎಷ್ಟು ಕೊಡ್ತೀನಿ ಅಂದ್ರು ಅಂತಾನೂ ಇಲ್ಲ.

ಹೊರದೇಶ ಬೇಡವೇ ಬೇಡ ಅನ್ನೋಳಲ್ಲ ನಾನು. ನಿನಗೆ ಬೇಕಾದ್ದು ಅಲ್ಲೇ ಇದ್ರೆ ಹೋಗು. ನನ್ನ ತಂಗಿ ಮಗಳು ಹಿಂಗೇ ಹೆಸರು ನೋಡಿ ಹೊರಗೆ ಒಂದು ವರ್ಷದ ಕೋರ್ಸ್ ಸೇರಿದ್ಲು, ಗೈಡ್ ಮುಖ ವರ್ಷದಲ್ಲಿ ನಾಲ್ಕು ಸಲ ನೋಡಿದ್ದಂತೆ, ಸ್ಕ್ರೀನ್ ಮೇಲೆ ಚಂದದ ಚಿತ್ರ ಮಾಡೋದು ಕಲಿತು ಬಂದ್ಲು, ಇವತ್ತಿಗೂ ಸಾಲ ಕಟ್ತಾ ಇದ್ದಾಳೆ. ಅವಳು ಸೇರೋ ಮುಂಚೆ ಅಲ್ಲಿ ಓದ್ತಿರೋ ಒಬ್ಬರ ಹತ್ರಾನೂ ಮಾತಾಡಿರಲಿಲ್ಲ, ವೆಬ್‌ಸೈಟ್ ನೋಡಿದ್ದಷ್ಟೇ. ಮಾತಾಡು ಅಂತ ನಾನೂ ಆಗ ಹೇಳಲಿಲ್ಲ, ಅದು ನನ್ನನ್ನ ಇವತ್ತಿಗೂ ಕಾಡುತ್ತೆ.

ಅದಕ್ಕೇ ನಿನಗೆ ಹೇಳೋದು ಒಂದೇ ಕೆಲಸ. ಡೆಪಾಸಿಟ್ ಕಟ್ಟಬೇಡ, ಮಾವನಿಗೆ ಉತ್ತರಾನೂ ಕೊಡಬೇಡ, ಈ ವಾರಾನೇ ಆಫೀಸಿಗೆ ಐದಾರು ದಿನ ರಜಾ ಹಾಕಿ ದೆಹಲಿಗೆ ಹೋಗೋ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತು, ಎರಡು ರಾತ್ರಿ ಪ್ರಯಾಣ. ಏಪ್ರಿಲಲ್ಲಿ ಸೆಮಿಸ್ಟರ್ ನಡೀತಿರುತ್ತೆ, ಸ್ಟುಡಿಯೋದಲ್ಲಿ ಜನ ಇರ್ತಾರೆ. ಹೊರಡೋ ಮುಂಚೆ ಎಸ್‌ಪಿಎ ಡಿಪಾರ್ಟ್‌ಮೆಂಟಿಗೆ ಒಂದು ಮೇಲ್ ಹಾಕಿ ಬರ್ತೀನಿ ಅಂತ ಹೇಳು. ಐಟಿಓ ಮೆಟ್ರೋ ಸ್ಟೇಷನ್ನಲ್ಲಿ ಇಳಿದು ಹೋಗಿ ಎರಡನೇ ವರ್ಷದ ಕನ್ಸರ್ವೇಶನ್ ಸ್ಟೂಡೆಂಟ್ಸ್ ಟೇಬಲ್ ಮೇಲೆ ನಿನ್ನ ಹನ್ನೊಂದೂ ಶೀಟ್ ಹರಡು, ಒಬ್ಬ ಮೇಷ್ಟ್ರಾದ್ರೂ ನೋಡೋ ಹಾಗೆ ಮಾಡು, ಏನು ತಪ್ಪಿದೆ ಅಂತ ಕೇಳು. ಬಗ್ಗಿ ನೋಡ್ತಾರಾ, ಆ ಮೂರು ಇಂಚಿನ ಹತ್ರ ಬೆರಳಿಡ್ತಾರಾ, ಗೆದ್ದಲಿಗೆ ಏನು ಮಾಡಿದ್ರಿ ಅಂತ ಕೇಳ್ತಾರಾ, ಇಲ್ಲ ಹೊರಗಿಂದಾನೇ ಗುಡ್ ಗುಡ್ ಅಂತ ಕಳಿಸಿಬಿಡ್ತಾರಾ ನೋಡು. ಅವತ್ತು ಸಂಜೆ ಅದೇ ಶೀಟುಗಳ ಫೋಟೋನ ನ್ಯೂಯಾರ್ಕಿನ ಕೋರ್ಸ್ ನಡೆಸೋರಿಗೂ ಮೇಲ್ ಮಾಡು, ಇದನ್ನ ನಿಮ್ಮಲ್ಲಿ ಯಾರ ಹತ್ರ ಮುಂದುವರಿಸಬಹುದು ಅಂತ ಹೆಸರು ಕೇಳು. ದೆಹಲಿಯೋರು ಬಗ್ಗಿ ನೋಡಿದ್ರೆ ಕೌನ್ಸೆಲಿಂಗ್‌ನಲ್ಲಿ ಅದನ್ನೇ ಮೊದಲು ಹಾಕು, ಗೇಟ್‌ನಲ್ಲಿ ಹೋದೋರಿಗೆ ತಿಂಗಳಿಗೆ 12,400 ಸ್ಟೈಪೆಂಡೂ ಇದೆ, ಅಮ್ಮನ ಸೈಟ್ ಅಮ್ಮನ ಹತ್ರಾನೇ ಇರುತ್ತೆ. ಅಲ್ಲಿ ಯಾರೂ ಬಗ್ಗಿ ನೋಡದೆ ನ್ಯೂಯಾರ್ಕಿಂದ ಒಬ್ಬರು ಪುಟಗಟ್ಟಲೆ ಉತ್ತರ ಬರೆದ್ರೆ ನನಗೆ ತಕ್ಷಣ ಹೇಳು, ಸೈಟ್ ಮುಟ್ಟದೆ ಹೋಗೋ ದಾರಿ ಇದೆಯಾ ಅಂತ ಇಬ್ರೂ ಕೂತು ಮತ್ತೆ ಲೆಕ್ಕ ಹಾಕೋಣ.

ಶೀಟುಗಳನ್ನ ಮಡಚಬೇಡ, ಪೆನ್ಸಿಲ್ ಬರಹ ಅಳಿಸಿಹೋಗುತ್ತೆ. ಟ್ಯೂಬಲ್ಲಿ ಸುತ್ತಿ ಅಪ್ಪರ್ ಬರ್ತಲ್ಲಿ ಪಕ್ಕದಲ್ಲೇ ಇಟ್ಕೊಂಡು ಮಲಗು. ಹೊರಡೋ ಮುಂಚೆ ಅಜ್ಜಿಗೆ ಫೋನ್ ಮಾಡಿ ಆ ಕಂಬದ ಮರ ಯಾವುದು, ಕೆತ್ತಿದೋರು ಯಾರು ಅಂತ ಕೇಳ್ಕೊ, ದೆಹಲಿಯಲ್ಲಿ ಮೊದಲು ಕೇಳೋದು ಅದನ್ನೇ.