ಮನೆ ಮನೆಯ ವಿವರಕ್ಕೆ ಯೋಜನೆಯಲ್ಲಿ ಬೆಲೆ ಉಂಟೇ?

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದವರು ಊರಿನ ಮನೆ ಮನೆಗೂ ಹೋಗಿ ಕುಡಿಯುವ ನೀರು, ಶೌಚಾಲಯ, ಗುಳೆ ಹೋಗುವವರ ವಿವರ ಬರೆದುಕೊಂಡಿದ್ದೇವೆ. ಗ್ರಾಮ ಪಂಚಾಯಿತಿ ಇದನ್ನು ಬಳಸಬಹುದೇ?
– ಓದುಗರೊಬ್ಬರು, ಚಳ್ಳಕೆರೆ ತಾಲ್ಲೂಕು

ಉತ್ತರ: ಬಳಸಬಹುದು, ಆದರೆ ಕಾಗದದ ಕಟ್ಟನ್ನು ಕಚೇರಿಗೆ ಒಪ್ಪಿಸಿ ಬಂದರೆ ಅದು ಬೀರುವಿನಲ್ಲೇ ಉಳಿದೀತು. ಗ್ರಾಮ ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆಗೆ ಬೇಡಿಕೆಗಳು ವಾರ್ಡ್ ಸಭೆ, ಗ್ರಾಮ ಸಭೆಗಳ ಮೂಲಕ ಬರಬೇಕಾದ್ದರಿಂದ, ನಿಮ್ಮ ಅಂಕಿಗಳನ್ನು ವಾರ್ಡುವಾರು ಕೂಡಿಸಿ, ಸಭೆಯಲ್ಲಿ ಓದಿ, ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.

2011ರ ಜನಗಣತಿ ಕುಟುಂಬದ ಕುಡಿಯುವ ನೀರಿನ ಮುಖ್ಯ ಮೂಲವನ್ನು ಕೇಳಿತ್ತು. ಬೇಸಿಗೆಯಲ್ಲಿ ಆ ಮೂಲ ಬತ್ತಿದಾಗ ಎಲ್ಲಿಂದ ತರುತ್ತಾರೆಂಬುದನ್ನು ಮನೆಯವರೇ ಹೇಳಬೇಕು. ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುವುದರಿಂದ, ‘ನಲ್ಲಿ ಇದೆ’ ಎಂದಷ್ಟೇ ಬರೆದುಕೊಂಡಿದ್ದರೆ ಮತ್ತೊಮ್ಮೆ ಹೋಗಿ, ಯಾವ ಮೂಲದ ನೀರನ್ನು ವರ್ಷದಲ್ಲಿ ಎಷ್ಟು ತಿಂಗಳು ಕುಡಿಯುತ್ತಾರೆಂದು ಕೇಳಿ ಬನ್ನಿ. ಈ ಶ್ರಮ ವ್ಯರ್ಥವಲ್ಲ: 15ನೇ ಹಣಕಾಸು ಆಯೋಗವು 2021–26ರ ಗ್ರಾಮೀಣ ಅನುದಾನದ ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು.

ಗುಳೆ ಹೋದವರ ಮನೆಗೆ ಬೀಗ ಕಂಡಾಗ ಅದನ್ನು ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಉದ್ಯೋಗ ಖಾತರಿ ಕೆಲಸ ಹೆಚ್ಚು ಬೇಕಾದವರು ಅವರೇ. ಸಭೆಯಲ್ಲಿ ಒಟ್ಟು ಸಂಖ್ಯೆಗಳನ್ನು ಮಾತ್ರ ಓದಿರಿ, ಯಾರ ಮನೆಯಲ್ಲಿ ಯಾವ ಕಾಯಿಲೆ, ಎಷ್ಟು ಸಾಲ ಎಂಬುದನ್ನಲ್ಲ.