ಮಣಿಕಟ್ಟಿನಲ್ಲಿ ಪಾನಾ, ಸೊಂಟದಲ್ಲಿ ಪಕ್ಕಡ: ಓದುಗರ ಪ್ರಶ್ನೆಗಳಿಗೆ ಉತ್ತರ

ಮೈಮೇಲೆ ಧರಿಸಬಹುದಾದ ಮಲ್ಟಿಟೂಲ್‌ಗಳ, ಅಂದರೆ ಹಲವು ಉಪಕರಣಗಳನ್ನು ಒಂದರಲ್ಲಿಯೇ ಕೂಡಿಸಿದ ಸಾಧನಗಳ ಬಗ್ಗೆ ನಮ್ಮ ಭಾಗದ ಓದುಗರಿಂದ ಈಚೆಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ನಾನು ಮನೆ ಮನೆಗೆ ಹೋಗಿ ನೀರಿನ ಫಿಲ್ಟರ್, ಇನ್ವರ್ಟರ್, ಪ್ರಿಂಟರ್ ರಿಪೇರಿ ಮಾಡುತ್ತೇನೆ. ಉಪಕರಣಗಳ ಚೀಲ ಬೈಕಿನಲ್ಲಿ ಇರುತ್ತದೆ. ಆದರೆ ಮೂರನೆಯ ಮಹಡಿ ಹತ್ತಿದ ಮೇಲೆ ಒಂದು ಸ್ಕ್ರೂ ಬಿಗಿ ಮಾಡುವುದಕ್ಕಾಗಿ ಮತ್ತೆ ಕೆಳಗಿಳಿಯಬೇಕಾಗುತ್ತದೆ. ಬೆಂಗಳೂರಿನಿಂದ ಬಂದ ಗೆಳೆಯನ ಕೈಯಲ್ಲಿ ಉಕ್ಕಿನ ಕಡಗದಂಥ ಮಲ್ಟಿಟೂಲ್ ನೋಡಿದೆ. ಅಂಥದನ್ನು ನಾನೂ ಕೊಳ್ಳಬಹುದೇ? (ಓದುಗರು, ಹಳೇ ಹುಬ್ಬಳ್ಳಿ)

ಉತ್ತರ: ನೀವು ನೋಡಿದ್ದು ಬಹುಶಃ ಅಮೆರಿಕದ ಲೆದರ್‌ಮನ್ ಕಂಪನಿ 2015ರಲ್ಲಿ ಹೊರತಂದ ಟ್ರೆಡ್ ಅಥವಾ ಅದರ ನಕಲು. ಅದು ಹುಟ್ಟಿದ ಕಾರಣ ತಿಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಗುತ್ತದೆ. ಕಂಪನಿಯ ಅಂದಿನ ಅಧ್ಯಕ್ಷರು ಕುಟುಂಬದೊಡನೆ ಡಿಸ್ನಿಲ್ಯಾಂಡಿಗೆ ಹೋದಾಗ, ಅವರ ಬಳಿಯಿದ್ದ ಮಲ್ಟಿಟೂಲಿನಲ್ಲಿ ಚಾಕು ಇದೆಯೆಂದು ಬಾಗಿಲಲ್ಲಿಯೇ ಕಾವಲುಗಾರರು ತಡೆದರು. ಯಾರೂ ಕಸಿದುಕೊಳ್ಳಲಾಗದ ಹಾಗೆ ಉಪಕರಣವನ್ನು ಮೈಮೇಲೆಯೇ ಧರಿಸುವುದು ಹೇಗೆಂದು ಯೋಚಿಸಿದ ಅವರು, ಮೊದಲು ಸೈಕಲ್ ಚೈನನ್ನೇ ಕೈಗೆ ಸುತ್ತಿಕೊಂಡು ಭಾರವೆಷ್ಟು, ಚುಚ್ಚುತ್ತದೆಯೇ ಎಂದು ಪರೀಕ್ಷಿಸಿ ನೋಡಿದರಂತೆ. ಹೀಗಾಗಿ ಟ್ರೆಡ್‌ನಲ್ಲಿ ಚಾಕು ಇಲ್ಲ. ಅದರ ಒಂದೊಂದು ಕೊಂಡಿಯಲ್ಲಿ ಎರಡು ಮೂರು ಕೆಲಸದ ತುದಿಗಳಿವೆ: ಚಪ್ಪಟೆ ಮತ್ತು ನಕ್ಷತ್ರ ಮುಖದ ಸ್ಕ್ರೂಡ್ರೈವರ್, ಆರು ಮೂಲೆಯ ತೂತಿನ ಸ್ಕ್ರೂಗಳಿಗೆ ಅಲನ್ ಕೀಲಿ, ಸಣ್ಣ ನಟ್ಟುಗಳಿಗೆ ಪಾನಾ, ದಾರ ಕತ್ತರಿಸುವ ಕೊಕ್ಕೆ, ಸಿಮ್ ಹೊರತೆಗೆಯುವ ಮೊನೆ, ಗಾಜು ಒಡೆಯುವ ಗಟ್ಟಿ ತುದಿ. ಒಟ್ಟು 29 ಎಂದು ಕಂಪನಿ ಎಣಿಸುತ್ತದೆ. ತೂಕ ಸುಮಾರು 150 ಗ್ರಾಂ.

ಇಷ್ಟೆಲ್ಲ ಇದ್ದೂ ಅದರಲ್ಲಿ ಪಕ್ಕಡ (ಇಕ್ಕಳ) ಇಲ್ಲ, ಕತ್ತರಿಯೂ ಇಲ್ಲ. ನಿಮ್ಮ ಉದ್ಯೋಗಕ್ಕೆ ಬೇಕಾದದ್ದೇ ಅವೆರಡು. ಫಿಲ್ಟರಿನ ಕಾಲು ಇಂಚಿನ ಪೈಪನ್ನು ನೇರವಾಗಿ ಕತ್ತರಿಸಲು ಹರಿತವಾದ ಅಲಗು ಬೇಕು. ಜಾಮಾಗಿ ಕುಳಿತ ನಟ್ಟು ತಿರುಗಿಸಲು ಹಿಡಿತ ಬೇಕು. ಇದೇ ಕಂಪನಿಯ ಮೊದಲ ಮಲ್ಟಿಟೂಲಿನ ಮೂಲವೂ ಇಂಥ ಕೊರತೆಯೇ ಎಂಬುದನ್ನು ಇಲ್ಲಿ ನೆನೆಯಬೇಕು. 1975ರಲ್ಲಿ ಟಿಮ್ ಲೆದರ್‌ಮನ್ ತಮ್ಮ ಪತ್ನಿಯೊಡನೆ ಹಳೆಯ ಕಾರಿನಲ್ಲಿ ಯುರೋಪ್ ಸುತ್ತುವಾಗ, ಕೆಡುತ್ತಲೇ ಇದ್ದ ಕಾರಿಗೂ ಸೋರುವ ಹೋಟೆಲಿನ ನಲ್ಲಿಗೂ ಜೇಬಿನ ಚಾಕು ಸಾಲಲಿಲ್ಲ. ಪಕ್ಕಡ ಇರುವ ಚಾಕು ಬೇಕೆನ್ನಿಸಿತು. ಅದು ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ನಿಮಗೆ ಒಪ್ಪುವುದು ಆ ಜಾತಿಯ, ಬೆಲ್ಟಿನ ಚೀಲದಲ್ಲಿ ಕೂರುವ, ಮಡಚುವ ಪಕ್ಕಡವುಳ್ಳ ಸಾಧನ. ಅಂಥ ದೊಡ್ಡ ಮಾದರಿಗಳು 240 ಗ್ರಾಂ ಆಸುಪಾಸಿನಲ್ಲಿ ತೂಗುತ್ತವೆ. ಸೊಂಟಕ್ಕೆ ಅದು ಭಾರವೆನ್ನಿಸುವುದಿಲ್ಲ. ಆದರೆ ದಿನವಿಡೀ ಬೀಸುವ ಮಣಿಕಟ್ಟಿಗೆ 150 ಗ್ರಾಂ ಕೂಡ ಸಂಜೆಯ ಹೊತ್ತಿಗೆ ತನ್ನ ಇರವನ್ನು ತಿಳಿಸುತ್ತದೆ.

ಕಡಗವನ್ನು ಬಳಸುವ ಬಗೆಯನ್ನೂ ನೋಡಿ. ಸ್ಕ್ರೂ ತಿರುಗಿಸಬೇಕಾದಾಗ ಅದನ್ನು ಕೈಯಿಂದ ಬಿಚ್ಚಿ, ಬೇಕಾದ ಕೊಂಡಿಯ ತುದಿ ಹೊರಗೆ ಬರುವಂತೆ ಮಡಚಿ, ಉಳಿದ ಕೊಂಡಿಗಳನ್ನು ಮುಷ್ಟಿಯಲ್ಲಿ ಒತ್ತಿ ಹಿಡಿಯಬೇಕು. ಮೇಲ್ಮೈಯಲ್ಲಿರುವ ಸ್ಕ್ರೂಗೆ ಇದು ಸಾಕು. ಪ್ರಿಂಟರಿನ ಹಿಂಬದಿಯಲ್ಲಿ ಆಳವಾದ ತೂತಿನೊಳಗೆ ಕುಳಿತ ಸ್ಕ್ರೂವಿಗೆ ಆ ಗಿಡ್ಡ ತುದಿ ಮುಟ್ಟುವುದೇ ಇಲ್ಲ. ಅಸಲಿ ಟ್ರೆಡ್‌ಗೆ ಹತ್ತು ಸಾವಿರ ರೂಪಾಯಿಗೂ ಮೇಲೆ ಬೀಳುತ್ತದೆ. ಅಗ್ಗದ ನಕಲುಗಳಲ್ಲಿ ಉಕ್ಕು ಮೆತ್ತಗಿದ್ದರೆ ಸ್ಕ್ರೂಡ್ರೈವರಿನ ತುದಿ ಉರುಟಾಗಿ, ಅದರ ಜೊತೆಗೆ ಗಿರಾಕಿಯ ಸ್ಕ್ರೂವಿನ ತಲೆಯೂ ಹಾಳಾಗುತ್ತದೆ.

ಬೆಲೆ, ತೂಕಗಳಿಗಿಂತ ದೊಡ್ಡ ಮಾತು ಇನ್ನೊಂದಿದೆ. ನೀವು ಇನ್ವರ್ಟರ್ ಕೆಲಸ ಮಾಡುತ್ತೀರಿ. ಕೆಲವು ವರ್ಷಗಳ ಹಿಂದೆ ಧಾರವಾಡದ ನನ್ನ ಮನೆಯಲ್ಲಿ ಇನ್ವರ್ಟರ್ ಬ್ಯಾಟರಿಯ ನಟ್ಟನ್ನು ನಾನೇ ಬಿಗಿ ಮಾಡುತ್ತಿದ್ದೆ. ಪಾನಾ ಒಂದು ತುದಿಯ ಮೇಲಿತ್ತು. ಕೈ ಜಾರಿದಾಗ ಗಡಿಯಾರದ ಉಕ್ಕಿನ ಚೈನು ಪಾನಾಕ್ಕೂ ಇನ್ನೊಂದು ತುದಿಗೂ ಒಟ್ಟಿಗೆ ತಾಗಿತು. ಒಂದು ಚಟ್ ಸದ್ದು, ಒಂದು ನೀಲಿ ಕಿಡಿ, ಅಷ್ಟೆ. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಚೈನಿನ ಎರಡು ಕೊಂಡಿಗಳು ಒಂದಕ್ಕೊಂದು ಬೆಸೆದುಹೋಗಿದ್ದವು, ಅವುಗಳ ಆಕಾರವೇ ಮಣಿಕಟ್ಟಿನ ಒಳಮೈಯ ಮೇಲೆ ಅಚ್ಚೊತ್ತಿದಂತೆ ಸುಟ್ಟಿತ್ತು. ಆ ಗುರುತು ಇಂದಿಗೂ ಇದೆ. 12 ವೋಲ್ಟ್ ಎಂದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಎರಡು ತುದಿಗಳ ನಡುವೆ ಲೋಹ ಸಿಕ್ಕಾಗ ಅಂಥ ಬ್ಯಾಟರಿ ನೂರಾರು ಆಂಪಿಯರ್ ವಿದ್ಯುತ್ತನ್ನು ಕ್ಷಣದಲ್ಲಿ ಹರಿಸುತ್ತದೆ, ಮತ್ತು ಕೈಯಲ್ಲಿ ಧರಿಸಿದ್ದನ್ನು ಬಿಸಾಡಲು ಬರುವುದಿಲ್ಲ. ಮನೆಯ 230 ವೋಲ್ಟಿನ ಲೈನಿನ ಹತ್ತಿರವಂತೂ ಹೇಳುವುದೇ ಬೇಡ. ಆದ್ದರಿಂದ ನಿಮಗೆ ನನ್ನ ಸಲಹೆ ನೇರವಾದದ್ದು: ಕಡಗ ಬೇಡ, ಬೆಲ್ಟಿಗೆ ಮಡಚುವ ಪಕ್ಕಡ ಇರಲಿ. ಅದರ ಹಿಡಿಕೆಯೂ ಬರೀ ಲೋಹ, ಇನ್ಸುಲೇಶನ್ ಇಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಮೇನ್ ಆಫ್ ಮಾಡದೆ ಅದನ್ನು ವೈರಿಗೆ ಹಚ್ಚಬೇಡಿ.

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಸುಗ್ಗಿಯಲ್ಲಿ ದಿನಕ್ಕೆ ಎಷ್ಟೋ ಚೀಲಗಳ ಹೊಲಿಗೆ ಬಿಚ್ಚಬೇಕು. ಜೇಬಿನಲ್ಲಿ ಬ್ಲೇಡ್ ಇಟ್ಟು ಎರಡು ಸಲ ಬೆರಳು ಕೊಯ್ದುಕೊಂಡಿದ್ದೇನೆ. ಕೈಗೆ ಹಾಕಿಕೊಳ್ಳುವ ಸಾಧನ ನನಗೆ ಆದೀತೇ? (ಓದುಗರು, ಬ್ಯಾಡಗಿ, ಹಾವೇರಿ ಜಿಲ್ಲೆ)

ಉತ್ತರ: ಹೊಲಿಗೆ ಬಿಚ್ಚುವ ಕೆಲಸಕ್ಕೆ ಕೊಕ್ಕೆಯಾಕಾರದ ಅಲಗಿನಷ್ಟು ಒಳ್ಳೆಯದು ಬೇರೊಂದಿಲ್ಲ. ಅದರ ಹರಿತ ಒಳಬಾಗಿನಲ್ಲಿ ಇರುವುದರಿಂದ ದಾರ ಮಾತ್ರ ಸಿಕ್ಕಿ ತುಂಡಾಗುತ್ತದೆ. ಗೋಣಿಯೂ ಹರಿಯುವುದಿಲ್ಲ, ಒಳಗಿನ ಕಾಯಿಯೂ ಕೆಡುವುದಿಲ್ಲ, ಬೆರಳೂ ಉಳಿಯುತ್ತದೆ. ಆದರೆ ಆ ಕೊಕ್ಕೆ ಕಡಗದಲ್ಲಿ ಇರುವುದು ನಿಮಗೆ ಸಲ್ಲದು. ಮೆಣಸಿನಕಾಯಿಯ ಪುಡಿ ಕೊಂಡಿಗಳ ಸಂದಿಯಲ್ಲಿ ಕುಳಿತುಬಿಡುತ್ತದೆ. ಬೆವರು ಬಂದಾಗ ಮಣಿಕಟ್ಟು ಉರಿಯುತ್ತದೆ. ಹಣೆ ಒರೆಸಿಕೊಳ್ಳಲು ಕೈ ಎತ್ತಿದರೆ ಕಣ್ಣಿಗೂ ಹೋಗುತ್ತದೆ. ಖಾರದ ಸತ್ವ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಬರೀ ನೀರಿನಿಂದ ತೊಳೆದು ಪ್ರಯೋಜನವಿಲ್ಲ. ಮೊದಲು ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು ಹಚ್ಚಿ ತೊಳೆಯಬೇಕು. ಇದನ್ನು ಹತ್ತಾರು ಕೊಂಡಿಗಳಿಗೆ ದಿನವೂ ಮಾಡುವವರು ಯಾರು? ಒಂದೇ ತುಂಡಿನ ಕೊಕ್ಕೆಚಾಕುವಿಗೆ ಗಟ್ಟಿ ದಾರ ಕಟ್ಟಿ, ದಬ್ಬಣ ಸಿಕ್ಕಿಸಿಕೊಳ್ಳುವ ಕಡೆಯಲ್ಲಿಯೇ ಸೊಂಟಕ್ಕೆ ತೂಗುಬಿಡಿ. ಜೋರಾಗಿ ಎಳೆದರೆ ದಾರದ ಗಂಟು ಬಿಚ್ಚಿಬರುವಂತೆ ಇರಲಿ, ತೂಕದ ಕಾಟಾಕ್ಕೋ ಗಾಡಿಗೋ ಸಿಕ್ಕಿಹಾಕಿಕೊಂಡಾಗ ನಿಮ್ಮನ್ನು ಎಳೆಯಬಾರದು.

ಪ್ರಶ್ನೆ: ಮಗಳು ಧಾರವಾಡದಲ್ಲಿ ಓದುತ್ತಾಳೆ. ಕೀಲಿಗೊಂಚಲಿಗೆ ಸಣ್ಣ ಮಲ್ಟಿಟೂಲ್ ಹಾಕಿಕೊಂಡಿದ್ದಾಳೆ. ಮುಂದಿನ ತಿಂಗಳು ಹುಬ್ಬಳ್ಳಿಯಿಂದ ವಿಮಾನದಲ್ಲಿ ಹೋಗುವವಳಿದ್ದಾಳೆ. ಚಾಕು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವೇ? (ಓದುಗರು, ಸಪ್ತಾಪುರ, ಧಾರವಾಡ)

ಉತ್ತರ: ಶಸ್ತ್ರಾಸ್ತ್ರ ನಿಯಮಗಳು ಲೈಸೆನ್ಸಿನ ಮಾತನ್ನು ಆಡುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಬಗ್ಗೆ; ಮನೆಗೆಲಸ, ಒಕ್ಕಲುತನ, ಕೈಗಾರಿಕೆಗಳಿಗಾಗಿ ಮಾಡಿದವುಗಳನ್ನು ಅಲ್ಲಿಯೂ ಹೊರಗಿಟ್ಟಿದ್ದಾರೆ. ಕೀಲಿಗೊಂಚಲಿನ ಸಾಧನದ ಅಲಗು ಬೆರಳಿನಷ್ಟು ಉದ್ದವೂ ಇರುವುದಿಲ್ಲ. ಉದಾಹರಣೆಗೆ ವಿಕ್ಟೋರಿನಾಕ್ಸ್ ಕಂಪನಿಯ ಕ್ಲಾಸಿಕ್ ಮಾದರಿ ಮಡಚಿದಾಗ 58 ಮಿಲಿಮೀಟರ್, ತೂಕ ಸುಮಾರು 21 ಗ್ರಾಂ. ಅದರಲ್ಲಿ ಕತ್ತರಿ, ಚಿಮಟ, ಉಗುರಿನ ಅರ, ಹಲ್ಲುಕಡ್ಡಿ, ಸಣ್ಣ ಅಲಗು ಇವೆ. ವಿದ್ಯಾರ್ಥಿನಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ವಿಮಾನದ ವಿಷಯ ಮಾತ್ರ ಬೇರೆ. ಚಾಕು, ಸ್ಕ್ರೂಡ್ರೈವರ್, ಪಕ್ಕಡಗಳನ್ನು ಕೈಚೀಲದಲ್ಲಿ ಒಯ್ಯಲು ನಮ್ಮಲ್ಲಿ ಬಿಡುವುದಿಲ್ಲ. ಕೌಂಟರಿನಲ್ಲಿ ಒಪ್ಪಿಸುವ ಬ್ಯಾಗಿನಲ್ಲಿ ಹಾಕಬೇಕು. ಅಲಗಿಲ್ಲದ ಕಡಗ ಇದು ಎಂದು ವಾದಿಸಿಯೂ ಫಲವಿಲ್ಲ. ಹೊರಡುವ ಹಿಂದಿನ ರಾತ್ರಿಯೇ ಗೊಂಚಲಿನಿಂದ ಬಿಚ್ಚಿ ದೊಡ್ಡ ಬ್ಯಾಗಿಗೆ ಸೇರಿಸಲು ಹೇಳಿ. ಮರೆತು ತಪಾಸಣೆಯವರೆಗೆ ಒಯ್ದರೆ ಸಾಮಾನ್ಯವಾಗಿ ಅಲ್ಲಿಯೇ ಬಿಟ್ಟು ಬರಬೇಕಾಗುತ್ತದೆ.

ಪ್ರಶ್ನೆ: ನಾನು ನೇಕಾರಳು, ಮನೆಯಲ್ಲಿ ವಿದ್ಯುತ್ ಮಗ್ಗವಿದೆ. ಇಂಥ ಸಾಧನಗಳೆಲ್ಲ ಗಂಡಸರಿಗೇ ಮಾಡಿದಂತೆ ಕಾಣುತ್ತವೆ. ನಮ್ಮಂಥವರಿಗೆ ಏನಿದೆ? (ಓದುಗರು, ಬೆಟಗೇರಿ, ಗದಗ)

ಉತ್ತರ: ತಾಯಿ, ಮೈಮೇಲೆ ಉಪಕರಣ ಧರಿಸುವ ವಿದ್ಯೆ ನಿಮ್ಮಿಂದಲೇ ಬಂದದ್ದು ಎಂದು ನಾನು ನಂಬಿದ್ದೇನೆ. ನನ್ನ ಅಜ್ಜಿಯ ಬಳೆಗಳಲ್ಲಿ ಯಾವಾಗಲೂ ನಾಲ್ಕು ಪಿನ್ನುಗಳು ತೂಗುತ್ತಿದ್ದವು. ಹರಿದ ಸೆರಗು, ಕಿತ್ತ ಗುಂಡಿ, ಕಾಲಿಗೆ ಚುಚ್ಚಿದ ಜಾಲಿಮುಳ್ಳು, ಎಲ್ಲಕ್ಕೂ ಅವೇ. ಸೊಂಟದ ಎಲೆಸಂಚಿಯಲ್ಲಿ ಅಡಕೊತ್ತು, ಸುಣ್ಣದ ಡಬ್ಬಿ, ಮುಳ್ಳು ತೆಗೆಯುವ ಚಿಮಟ ಇರುತ್ತಿದ್ದವು. ಅಜ್ಜಿ ಸಂಚಿಯ ಒಳಗೆ ನೋಡದೆಯೇ ಬೇಕಾದದ್ದನ್ನು ಬೆರಳಿನಿಂದ ಹುಡುಕಿ ತೆಗೆಯುತ್ತಿದ್ದರು.

ನಿಮ್ಮ ಕೆಲಸಕ್ಕೆ ಬೇಕಾದವು ಮೂರೇ: ಎಳೆ ಕತ್ತರಿಸುವ ಸಣ್ಣ ಕತ್ತರಿ, ಗಂಟು ಬಿಡಿಸುವ ಚಿಮಟ, ಮಗ್ಗದ ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವೆ ಕಡಿದ ಎಳೆಯನ್ನು ಹಾಯಿಸುವ ಚಪ್ಪಟೆ ಕೊಕ್ಕೆ. ಮೊದಲ ಎರಡು ಮೇಲೆ ಹೇಳಿದ ಸಣ್ಣ ಸಾಧನದಲ್ಲಿಯೇ ಸಿಗುತ್ತವೆ. ಹಣಿಗೆಯ ಈ ಕೊಕ್ಕೆ ಮಲ್ಟಿಟೂಲುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅದನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಆ ಸಾಧನ, ಈ ಕೊಕ್ಕೆ ಎರಡನ್ನೂ ಸೊಂಟದ ಚಿಕ್ಕ ಸಂಚಿಯಲ್ಲಿ ಇಟ್ಟು ಸಂಚಿಯ ಬಾಯಿ ಬಿಗಿಯಿರಿ. ಕೊರಳಿಗೆ ಹಾಕಿಕೊಳ್ಳಬೇಡಿ, ಕೈಗಂತೂ ಬೇಡವೇ ಬೇಡ. ಓಡುವ ಮಗ್ಗದ ಮೇಲೆ ಬಾಗಿದಾಗ ತೂಗುವ ದಾರವಾಗಲಿ ಉಕ್ಕಿನ ಕಡಗವಾಗಲಿ ಪಟ್ಟಿಗೋ ಗಾಲಿಗೋ ಸಿಕ್ಕಿದರೆ ಅದು ಹರಿಯುವುದಿಲ್ಲ, ಕೈಯನ್ನೇ ಒಳಗೆ ಎಳೆಯುತ್ತದೆ. ಎಳೆ ಕಡಿದಾಗ ಮೊದಲು ಮೋಟರ್ ನಿಲ್ಲಿಸಿ, ಲಾಳಿ ನಿಂತದ್ದನ್ನು ಕಣ್ಣಾರೆ ನೋಡಿ, ಆಮೇಲೆ ಸಂಚಿಗೆ ಕೈಹಾಕಿ. ತಿಂಗಳಿಗೊಮ್ಮೆ ಕತ್ತರಿಯ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು ಚೆನ್ನಾಗಿ ಒರೆಸಿ. ಒರೆಸದೆ ಬಿಟ್ಟ ಎಣ್ಣೆ ರೇಷ್ಮೆಯ ಮೇಲೆ ಕಲೆಯಾಗಿ ಉಳಿಯುತ್ತದೆ.